ಸೋಡಾ ಹೆಚ್ಚಾದ ಬೋಂಡಾ ಮತ್ತು ಗಂಟಲಿನ ಕೆರೆತ

ತಳ್ಳುಗಾಡಿಯಲ್ಲಿ ಕೊಂಡ ಮೈಸೂರು ಬೋಂಡಾ ಎಂದಿಗಿಂತ ಹೆಚ್ಚು ಕಂದಾಗಿದ್ದು, ನಾಲಿಗೆಗೆ ಸಾಬೂನಿನಂಥ ರುಚಿ ಹತ್ತಿದಾಗಲೇ ಹಿಟ್ಟಿಗೆ ಅಡುಗೆ ಸೋಡಾ ಮಿತಿಮೀರಿದೆಯೆಂದು ಅನುಮಾನ ಬಂದಿತ್ತು. ಸ್ವಲ್ಪ ಹೊತ್ತಿನಲ್ಲಿಯೇ ಗಂಟಲು ಒಣಗಿ ಕೆರೆಯತೊಡಗಿತು, ಮೇಲಿಂದ ಮೇಲೆ ತೇಗು ಬಂದವು. ಸೋಡಾ, ಅಂದರೆ ಸೋಡಿಯಂ ಬೈಕಾರ್ಬನೇಟ್, ಕ್ಷಾರಗುಣದ್ದು. ಕಾಯ್ದಾಗ ಅದರ ಒಂದು ಭಾಗ ಇನ್ನೂ ಪ್ರಬಲ ಕ್ಷಾರವಾದ ಸೋಡಿಯಂ ಕಾರ್ಬನೇಟ್ ಆಗುತ್ತದೆ, ಉಳಿದದ್ದು ಜಠರದ ಆಮ್ಲದೊಡನೆ ಸೇರಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಬಿಡುತ್ತದೆ.

ನಿಂಬೆರಸ ಕುಡಿದರೆ ಕ್ಷಾರ ಮುರಿಯುತ್ತದೆ ಎಂದು ಮನೆಯಲ್ಲಿ ಸೂಚಿಸಿದರು. ತರ್ಕವೇನೋ ಸರಿ, ಆದರೆ ಹುಳಿ ಬಿದ್ದರೆ ಅನಿಲ ಮತ್ತಷ್ಟು ಹುಟ್ಟಿ ಹೊಟ್ಟೆ ಉಬ್ಬುತ್ತದೆಯೆಂದು ಅದನ್ನು ಒಪ್ಪಲಿಲ್ಲ. ಬಾಯಿಯನ್ನು ಚೆನ್ನಾಗಿ ಮುಕ್ಕಳಿಸಿ, ತಣ್ಣೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಾ, ಕಾಫಿ ಮತ್ತು ಖಾರವನ್ನು ಬಿಟ್ಟು, ರಾತ್ರಿ ಉಪ್ಪು ಹಾಕದ ಮೆತ್ತಗಿನ ಅನ್ನವನ್ನಷ್ಟೇ ಉಂಡೆ. ಬೆಳಗಾಗುವಷ್ಟರಲ್ಲಿ ಕೆರೆತ ಇಳಿದಿತ್ತು. ಉಪ್ಪು ಬಿಟ್ಟದ್ದಕ್ಕೆ ಕಾರಣವಿದೆ: ಉಪ್ಪಿನಲ್ಲಿರುವ ಸೋಡಿಯಂ ಸೋಡಾದಲ್ಲಿಯೂ ಇದೆ, ಒಂದು ಟೀ ಚಮಚ ಸೋಡಾದಲ್ಲಿಯೇ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇರುತ್ತದೆ.

ರಕ್ತದೊತ್ತಡ, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರು, ಹಾಗೆಯೇ ಪುಡಿಯನ್ನೇ ನೇರವಾಗಿ ನುಂಗಿದವರು ಈ ಮನೆಮದ್ದನ್ನು ನಂಬಿ ಕೂರದೆ ವೈದ್ಯರನ್ನು ಕೇಳಬೇಕು. ನುಂಗಲು ಕಷ್ಟವಾದರೆ, ವಾಂತಿ ನಿಲ್ಲದಿದ್ದರೆ, ಉಸಿರು ಕಟ್ಟಿದರೆ ಅಥವಾ ಹೊಟ್ಟೆನೋವು ತೀವ್ರವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.