ನೆಟ್‌ವರ್ಕ್ ಸತ್ತ ಬೋರ್ಡಿಗೆ ಸೀರಿಯಲ್ ಕೇಬಲ್ಲಿನಲ್ಲೇ ಬೈನರಿ ಇಳಿಸಿದ್ದು: ನನ್ನ ಅನುಭವ

ಬ್ಯಾಡಗಿಯ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಟೆಂಪರೇಚರ್ ಬರೆದಿಡುವ ಡೇಟಾ ಲಾಗರ್ ಇದು. ಹಳೇ ಎಆರ್‌ಎಂ ಬೋರ್ಡು, ಒಳಗೆ ಬ್ಯುಸಿಬಾಕ್ಸ್ (ಸಣ್ಣ ಕಮಾಂಡುಗಳ ಒಂದು ಕಟ್ಟು) ಇರುವ ಲಿನಕ್ಸು. ಮಳೆಗಾಲದಲ್ಲಿ ಸಿಡಿಲು ಹೊಡೆದು ಈಥರ್‌ನೆಟ್ ಪೋರ್ಟು ಸುಟ್ಟಿತ್ತು. ಯುಎಸ್‌ಬಿ ಮೊದಲೇ ಇಲ್ಲ. ಬೋರ್ಡನ್ನು ಶುರು ಮಾಡುವ ಯು-ಬೂಟ್ ಪ್ರೋಗ್ರಾಮಿಗೆ ಪಾಸ್‌ವರ್ಡು, ಅದು ಯಾರಿಗೂ ಗೊತ್ತಿಲ್ಲ. ಉಳಿದಿದ್ದು ಸೀರಿಯಲ್ ಕನ್ಸೋಲಿನ (ಕಮಾಂಡ್ ಟೈಪ್ ಮಾಡಿ ಉತ್ತರ ಓದುವ ತಂತಿಯ) ಮೂರು ಪಿನ್ನು. ಲಾಗರ್ ಪ್ರೋಗ್ರಾಂ ಎರಡು ದಿನಕ್ಕೊಮ್ಮೆ ನಿಂತುಬಿಡುತ್ತಿತ್ತು. ತಿದ್ದಿದ ಬೈನರಿ (ಕಂಪೈಲ್ ಆದ ಪ್ರೋಗ್ರಾಂ ಫೈಲು) ನನ್ನ ಲ್ಯಾಪ್‌ಟಾಪಿನಲ್ಲಿ ರೆಡಿ ಇತ್ತು. ಬೋರ್ಡಿನೊಳಗೆ ಹೋಗಬೇಕಲ್ವಾ?

ಹೊಸ ಬೋರ್ಡಿಗೆ ಒಬ್ಬರು ಹೇಳಿದ್ದು ಸುಮಾರು 22 ಸಾವಿರ. ಅದರ ಜೊತೆ ನಾಲ್ಕು ವರ್ಷದ ಟೆಂಪರೇಚರ್ ದಾಖಲೆಯೂ ಹೋಗುತ್ತಿತ್ತು. ಮಾಲಕರಿಗೆ ಆ ದಾಖಲೆಯೇ ಮುಖ್ಯ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರೋದು ಬಣ್ಣಕ್ಕೆ. ಬಣ್ಣ ಇಳಿದಿದೆ ಅಂತ ವ್ಯಾಪಾರಿ ತಕರಾರು ತೆಗೆದರೆ ತೋರಿಸೋಕೆ ಅದೊಂದೇ ಇರೋದು. ಸೀರಿಯಲ್‌ನಲ್ಲೇ ಇಳಿಸುತ್ತೇನೆ ಅಂದಾಗ ನನ್ನ ಜೊತೆ ಕೆಲಸ ಮಾಡುವ ಹಿರಿಯರು, "ಬೋರ್ಡ್ ಬದಲಿ ಮಾಡ್ರಿ, ಸುಮ್ನ ಯಾಕ ತಲಿ ಕೆಡಿಸ್ಕೊಂತೀರಿ" ಅಂದರು. ಬೇರೆ ಇಬ್ಬರೂ ಅದನ್ನೇ ಹೇಳಿದರು.

ಬೋರ್ಡಿನಲ್ಲಿ ಸೀರಿಯಲ್‌ನಲ್ಲಿ ಫೈಲ್ ಕಳಿಸುವ ಝಡ್‌ಮೋಡೆಮ್ ಇಲ್ಲ, ಬೈನರಿಯನ್ನು ಅಕ್ಷರ ಮಾಡುವ ಬೇಸ್64 ಇಲ್ಲ, ಹೆಕ್ಸ್ (16ರ ಆಧಾರದ ಅಂಕಿ) ಮಾಡುವ ಎಕ್ಸ್‌ಎಕ್ಸ್‌ಡಿ ಇಲ್ಲ. ಬೈನರಿಯನ್ನು ಪಠ್ಯ ಮಾಡಿ, ಟೈಪ್ ಮಾಡಿದ ಹಾಗೆ ಕಳಿಸಿ, ಆ ಕಡೆ ಮತ್ತೆ ಬೈಟ್ ಮಾಡಬೇಕು. ಅದಕ್ಕೆ ಪ್ರಿಂಟ್‌ಎಫ್ ಕಮಾಂಡ್ ಇತ್ತು. ಹಾಗಾಗಿ ಮೊದಲ ಪ್ರಯತ್ನ ಆಕ್ಟಲ್‌ನಲ್ಲಿ, ಅಂದರೆ 8ರ ಆಧಾರದ ಅಂಕಿಯಲ್ಲಿ. ಇಎಲ್‌ಎಫ್ (ಲಿನಕ್ಸ್ ಪ್ರೋಗ್ರಾಂಗಳ ರೂಪ) ಫೈಲಿನ ಮೊದಲ ನಾಲ್ಕು ಬೈಟು 177, 105, 114, 106, ಪ್ರತಿಯೊಂದರ ಹಿಂದೆ ಒಂದು ಬ್ಯಾಕ್‌ಸ್ಲ್ಯಾಶ್. ಅಂದರೆ ಒಂದು ಬೈಟಿಗೆ ನಾಲ್ಕು ಅಕ್ಷರ. ನನ್ನ ಬೈನರಿ 640 ಕೆಬಿ, ಪಠ್ಯವಾದರೆ ಎರಡೂವರೆ ಎಂಬಿ. ಶೆಲ್ಲು (ಕಮಾಂಡ್ ಓದುವ ಪ್ರೋಗ್ರಾಂ) ಪ್ರತಿ ಸಾಲನ್ನೂ ಎಕೋ ಮಾಡುತ್ತಾ, ಅಂದರೆ ವಾಪಸ್ ತೋರಿಸುತ್ತಾ, ಒಂದು ಗಂಟೆ ತಗೊಂಡಿತು. ಕೊನೆಗೆ ಎಂಡಿ5 (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಎರಡೂ ಕಡೆ ಕೂಡಲಿಲ್ಲ. ಎಲ್ಲಿ ತಪ್ಪಿದೆ ಅಂತ ಹುಡುಕೋಕೂ ದಾರಿ ಇಲ್ಲ. ಆ ದಿನ ಬರಿಗೈಲಿ ಹುಬ್ಬಳ್ಳಿಗೆ ವಾಪಸ್. ಪೆಟ್ರೋಲಿಗೆ 900 ಹೋಯಿತು.

ಮನೆಗೆ ಬಂದು ಬ್ಯುಸಿಬಾಕ್ಸಿನ ಕಮಾಂಡ್ ಪಟ್ಟಿಯ ಫೋಟೋ ಮತ್ತೆ ನೋಡಿದೆ. ಪಠ್ಯವನ್ನು ಮತ್ತೆ ಬೈನರಿ ಮಾಡುವ ಯುಯುಡಿಕೋಡ್ ಇತ್ತು! 1980ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೇರಿ ಆನ್ ಹಾರ್ಟನ್ ಬರೆದ ಪದ್ಧತಿ, ಇಷ್ಟು ವರ್ಷದ ಮೇಲೂ ಈ ಪುಟ್ಟ ಬೋರ್ಡಿನಲ್ಲಿ ಕೂತಿದೆ. ಅದು ಬೇಸ್64 ರೂಪವನ್ನೂ ಓದುತ್ತೆ: ಮೊದಲ ಸಾಲಿನಲ್ಲಿ 'ಬಿಗಿನ್-ಬೇಸ್64', ಕೊನೆಯಲ್ಲಿ ನಾಲ್ಕು ಸಮ ಚಿಹ್ನೆ ಇದ್ದರೆ ಸಾಕು. ಮೂರು ಬೈಟಿಗೆ ನಾಲ್ಕು ಅಕ್ಷರ. ಮೊದಲು ಜಿಜಿಪ್ ಮಾಡಿ ಕುಗ್ಗಿಸಿದೆ, 640 ಕೆಬಿ 270ಕ್ಕೆ ಇಳಿಯಿತು. ಬೇಸ್64 ಆದ ಮೇಲೆ 360ರ ಆಸುಪಾಸು. ಪಠ್ಯ ಎಚ್, 4, ಎಸ್, ಐ ಅಂತ ಶುರುವಾದರೆ ಒಳಗಿರೋದು ಜಿಜಿಪ್. ಈಗ ನನಗೆ ನೋಡಿದ ಕೂಡಲೇ ಗೊತ್ತಾಗುತ್ತೆ.

ಎರಡನೇ ಸಲ ಹೋದಾಗ ಮಾಡಿದ ತಪ್ಪು ಇದು: ಬೇಸ್64 ಕಮಾಂಡಿಗೆ ಮೈನಸ್ ಡಬ್ಲ್ಯು ಸೊನ್ನೆ (ಸಾಲು ಮುರಿಯಬೇಡ ಅಂತ) ಕೊಟ್ಟು ಇಡೀ ಫೈಲನ್ನು ಒಂದೇ ಸಾಲು ಮಾಡಿಕೊಂಡು ಹೋಗಿದ್ದೆ. ಬೋರ್ಡಿನಲ್ಲಿ, ಬಂದದ್ದನ್ನು ಫೈಲಿಗೆ ಬರೆಯೋಕೆ ಕ್ಯಾಟ್ ಹಚ್ಚಿ ಸುರಿದೆ. ಬಂದು ಬಿದ್ದಿದ್ದು ಬರೀ ನಾಲ್ಕು ಕೆಬಿ. ಲಿನಕ್ಸ್ ಟರ್ಮಿನಲ್ ಮಾಮೂಲಿ ಮೋಡಿನಲ್ಲಿ ಒಂದು ಸಾಲಿಗೆ 4,096 ಅಕ್ಷರಕ್ಕಿಂತ ಜಾಸ್ತಿ ಹಿಡಿಯಲ್ಲ, ಮಿಕ್ಕಿದ್ದನ್ನು ಸುಮ್ಮನೆ ಬಿಟ್ಟುಬಿಡುತ್ತೆ. ಇದಕ್ಕೆ ಅರ್ಧ ದಿನ ಹೋಯಿತು. 60 ಅಕ್ಷರಕ್ಕೊಂದು ಸಾಲು ಮುರಿದೆ, ಸರಿಹೋಯಿತು. ಆದರೂ ಅಲ್ಲಲ್ಲಿ ಅಕ್ಷರ ಬೀಳುತ್ತಿತ್ತು. 180 ರೂಪಾಯಿಯ ಯುಎಸ್‌ಬಿ-ಸೀರಿಯಲ್ ಕೇಬಲ್ಲಿನದೂ ಪಾಲು ಇತ್ತು. 450 ಕೊಟ್ಟು ಬೇರೆ ತಂದೆ. ಕೇಬಲ್ಲಿನಲ್ಲಿ ಉಳಿಸೋಕೆ ಹೋಗಬೇಡಿ.

ಕೊನೆಗೆ ಕೆಲಸ ಮಾಡಿದ್ದು ಹೀಗೆ. ಬೋರ್ಡಿನಲ್ಲಿ ಎಕೋ ಬಂದ್. ಸಾಲು ಸಾಲಿಗೂ 20 ಮಿಲಿಸೆಕೆಂಡ್ ತಡೆ. 200 ಸಾಲಿಗೊಂದು ತುಂಡು. ಪ್ರತಿ ತುಂಡು ಹೋದ ಮೇಲೆ ಬೋರ್ಡಿನಲ್ಲೇ ಎಂಡಿ5 ತೆಗೆದು, ನನ್ನ ಕಡೆಯದಕ್ಕೆ ತಾಳೆ ನೋಡೋದು. ಕೂಡದಿದ್ದರೆ ಆ ತುಂಡು ಮಾತ್ರ ಮತ್ತೆ. ಒಟ್ಟು 31 ತುಂಡು, ಎರಡನ್ನು ಮತ್ತೆ ಕಳಿಸಬೇಕಾಯಿತು. ಎಲ್ಲಾ ಸೇರಿ ಐದಾರು ನಿಮಿಷ. ಸೀರಿಯಲ್ ತಂತಿಯ 115200 ಬಾಡ್ ವೇಗದಲ್ಲಿ ಇದಕ್ಕಿಂತ ಬೇಗ ಬೇಕಿದ್ದರೆ ತಡೆಯನ್ನು ಬೋರ್ಡಿನ ಉತ್ತರ ನೋಡಿ ಹೆಚ್ಚು ಕಡಿಮೆ ಮಾಡಬೇಕು. ನನ್ನ ಸ್ಕ್ರಿಪ್ಟು ಅದನ್ನು ಮಾಡುತ್ತೆ. ಹೇಗೆ ಅಂತ ಇಲ್ಲಿ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು.

ನಾಲ್ಕು ವರ್ಷದ ದಾಖಲೆ ಹೊರಗೆ ತರೋದು ಸುಲಭ ಅಂದುಕೊಂಡಿದ್ದೆ. ಡೇಟಾಬೇಸ್ 11 ಎಂಬಿ, ಜಿಜಿಪ್ ಆಗಿ ಎರಡೂವರೆ. ಬೋರ್ಡಿನಲ್ಲಿ ಬೈನರಿಯನ್ನು ಪಠ್ಯ ಮಾಡುವ ಯುಯುಎನ್‌ಕೋಡ್, ಲ್ಯಾಪ್‌ಟಾಪಿನಲ್ಲಿ ಲಾಗ್ ಹಿಡಿಯೋದು, ಐದು ನಿಮಿಷದ ಕೆಲಸ. ಮೂರು ಸಲ ತೆಗೆದರೂ ಫೈಲ್ ಕೆಟ್ಟೇ ಬಂತು. ಆಮೇಲೆ ಲಾಗ್ ತೆರೆದು ಸಾಲು ಸಾಲು ಕಣ್ಣಾಡಿಸಿದೆ. ಬೇಸ್64 ಅಕ್ಷರಗಳ ನಡುವೆ ಒಂದು ಕಡೆ 'ಲಿಂಕ್ ಡೌನ್' ಅಂತ ಇತ್ತು! ಸತ್ತ ಈಥರ್‌ನೆಟ್ಟಿನ ಬಗ್ಗೆ ಕರ್ನಲ್ (ಲಿನಕ್ಸಿನ ತಿರುಳು) ಆಗಾಗ ಕನ್ಸೋಲಿಗೆ ಬರೆಯುತ್ತಿತ್ತು, ಅದೂ ಫೈಲಿನೊಳಗೆ ಸೇರಿಕೊಂಡಿತ್ತು. ಡಿಮೆಸೇಜ್ ಮೈನಸ್ ಎನ್ 1 ಕೊಟ್ಟೆ, ಕರ್ನಲ್ ಬಾಯಿ ಮುಚ್ಚಿತು. ನಾಲ್ಕನೇ ಸಲ ಎಂಡಿ5 ಕೂಡಿತು. ಮಾಲಕರಿಗೆ ಸ್ಕ್ರೀನಿನಲ್ಲಿ ಗ್ರಾಫ್ ತೋರಿಸಿದಾಗ ಅವರ ಮುಖ ನೋಡಬೇಕಿತ್ತು.

ಲಾಗರ್ ಬೈನರಿಯಲ್ಲಿ ಒಂದು ಸರ್ವರ್ ಹೆಸರು ತಪ್ಪಿತ್ತು. ಮತ್ತೆ ಕಂಪೈಲ್ ಮಾಡುವ ಬದಲು ಲ್ಯಾಪ್‌ಟಾಪಿನ ಎಕ್ಸ್‌ಎಕ್ಸ್‌ಡಿಯಲ್ಲಿ ಬಿಡಿಸಿ, ತಿದ್ದಿ, ಮೈನಸ್ ಆರ್ ಹಾಕಿ ವಾಪಸ್ ಜೋಡಿಸಿದೆ. ಬಲಗಡೆಯ ಅಕ್ಷರಗಳನ್ನು ತಿದ್ದಿದರೆ ಏನೂ ಆಗಲ್ಲ, ಅದು ಓದೋದು ನಡುವಿನ ಹೆಕ್ಸ್ ಮಾತ್ರ. ಹೆಸರಿನ ಉದ್ದವೂ ಅಷ್ಟೇ ಇರಬೇಕು. ಚಿಕ್ಕದಾದರೆ ಸೊನ್ನೆ ಬೈಟು ತುಂಬಿ.

ಹಾಗೇ ಇನ್ನೊಂದನ್ನೂ ಮಾಡಿ ನೋಡಿದೆ. ಒಂದು ಕ್ಯುಆರ್ ಕೋಡಿನಲ್ಲಿ ಹೆಚ್ಚೆಂದರೆ 2,953 ಬೈಟ್ ಹಿಡಿಯುತ್ತೆ. 270 ಕೆಬಿಗೆ ತೊಂಬತ್ತನಾಲ್ಕು ಕೋಡು ಬೇಕು, ಆ ಕಡೆ ಹೋಗಲಿಲ್ಲ. ಆದರೆ ಲಾಗರ್‌ನ ಸೆಟ್ಟಿಂಗ್ ಫೈಲು ಎರಡು ಕೆಬಿಯೊಳಗೇ ಇದೆ. ಅದನ್ನು ಬೇಸ್32 (ಇಂಗ್ಲಿಷ್ ದೊಡ್ಡಕ್ಷರ, 2ರಿಂದ 7ರ ಅಂಕಿ ಮಾತ್ರ) ಮಾಡಿ, ಕೊನೆಯ ಸಮ ಚಿಹ್ನೆಗಳನ್ನು ತೆಗೆದೆ, ಅವು ಕ್ಯುಆರ್‌ನ ಅಕ್ಷರ-ಅಂಕಿ ಮೋಡಿಗೆ ಸೇರಲ್ಲ. ಒಂದೇ ಕೋಡಿನಲ್ಲಿ ಕೂತಿತು. ಬೇಸ್32ರಲ್ಲಿ ಸೊನ್ನೆಯೂ ಇಲ್ಲ, ಒಂದೂ ಇಲ್ಲ, ಓ, ಐ ಅಕ್ಷರಗಳ ಜೊತೆ ಗೊಂದಲ ಆಗಲ್ಲ. ಹಾಗಾಗಿ ಹತ್ತು ಬೈಟಿನ ಲೈಸೆನ್ಸ್ ಕೀಯನ್ನು ಅಲ್ಲಿನ ಹುಡುಗನಿಗೆ ಫೋನಿನಲ್ಲೇ ಓದಿ ಹೇಳಿದೆ. 16 ಅಕ್ಷರ, ಒಂದೇ ಸಲಕ್ಕೆ ಸರಿಯಾಗಿ ಒತ್ತಿದ.

ಮೂರು ಸಲ ಓಡಾಟ, ಕೇಬಲ್ಲು, ಎಲ್ಲಾ ಸೇರಿ ನನಗೆ ಖರ್ಚಾಗಿದ್ದು ಮೂರೂಕಾಲು ಸಾವಿರದ ಸುಮಾರು. ಮಾಲಕರಿಂದ 7,500 ತಗೊಂಡೆ. ಬೋರ್ಡು ಈಗ ಎಂಟು ತಿಂಗಳಿಂದ ಒಮ್ಮೆಯೂ ನಿಂತಿಲ್ಲ. ಬದಲಿ ಮಾಡ್ರಿ ಅಂದಿದ್ದ ಹಿರಿಯರೇ ಹೋದ ತಿಂಗಳು ಫೋನ್ ಮಾಡಿ ಸ್ಕ್ರಿಪ್ಟ್ ಕೇಳಿದರು, ಹಾವೇರಿ ಕಡೆ ಅಂಥದ್ದೇ ಇನ್ನೊಂದು ಬೋರ್ಡ್ ಇದೆಯಂತೆ. ಕ್ಯುಆರ್ ಕೋಡ್ ಲ್ಯಾಮಿನೇಟ್ ಮಾಡಿಸಿ ಪ್ಯಾನೆಲ್ ಬಾಗಿಲಿನ ಒಳಗಡೆ ಅಂಟಿಸಿದ್ದೇನೆ.