‘ಘಟಶ್ರಾದ್ಧ’ ತೋರಿಸಿ ಚರ್ಚೆ ಇಡುವವರಿಗೆ

ಗಿರೀಶ ಕಾಸರವಳ್ಳಿಯವರ ಈ ಸಿನಿಮಾ (1977) ಮುಗಿದ ಕೂಡಲೇ ಮೈಕ್ ಕೊಡಬೇಡಿ. ಮೊದಲು ಎದ್ದವರು ‘ಧರ್ಮ ಸರಿಯೋ ತಪ್ಪೋ’ ಅಂತ ಶುರು ಮಾಡಿದರೆ ಸಭೆ ಎರಡು ಪಕ್ಷವಾಗಿ, ಸಿನಿಮಾ ಮರೆತೇಹೋಗುತ್ತೆ. ಐದು ನಿಮಿಷ ಕೊಟ್ಟು, ಮನಸ್ಸಲ್ಲಿ ಉಳಿದ ಒಂದೇ ದೃಶ್ಯವನ್ನು ಚೀಟಿಯಲ್ಲಿ ಬರೆಸಿ. ಆಮೇಲೆ, ಬಸುರಾದ ವಿಧವೆ ಯಮುನಾಳನ್ನು ಜಾತಿಯಿಂದ ಹೊರಹಾಕಲು, ಅವಳು ಬದುಕಿರುವಾಗಲೇ ಹೆತ್ತ ಅಪ್ಪನೇ ಶ್ರಾದ್ಧ ಮಾಡುವ ಭಾಗ ಮತ್ತೊಮ್ಮೆ ಹಾಕಿ, ಸದ್ದಿಲ್ಲದೆ. ಈಗ ಕೇಳಿ: ತೀರ್ಮಾನ ಯಾರದ್ದು? ಅವಳನ್ನು ಯಾರಾದರೂ ಕೇಳಿದರಾ? ಬಸುರಿಗೆ ಕಾರಣನಾದವನಿಗೆ ಏನು ಶಿಕ್ಷೆ? ಇದನ್ನೆಲ್ಲ ನೋಡುತ್ತಿದ್ದ ಹುಡುಗ ನಾಣಿ ಕಲಿತಿದ್ದೇನು? ದೈವಭಕ್ತರು ಮುನಿಸಿಕೊಂಡಾರು ಅನ್ನೋ ಭಯ ಬೇಡ. ‘ಈ ವಿಧಿಯಲ್ಲಿ ಕರುಣೆಗೆ ಜಾಗ ಎಲ್ಲಿತ್ತು’ ಅಂದರೆ ಅವರೇ ಹೆಚ್ಚು ಮಾತಾಡ್ತಾರೆ.

ತೀರ್ಥಹಳ್ಳಿ, ಆಗುಂಬೆ ಕಡೆಯವರು ಮಳೆಗಾಲದಲ್ಲಿ ತಗಡಿನ ಮಾಡಿನ ಹಾಲ್ ಮಾತ್ರ ಹಿಡೀಬೇಡಿ, ಒಂದು ಸಂಭಾಷಣೆಯೂ ಕೇಳಲ್ಲ.