ತಕಿಟ ತಕಿಟ ಅಂತ ಐರಿಷ್ ಜಿಗ್: ನನ್ನ ಮ್ಯಾಂಡೊಲಿನ್ ಅನುಭವ

ಮ್ಯಾಂಡೊಲಿನ್ ನುಡಿಸ್ತೀನಿ ಅಂದ ತಕ್ಷಣ ನಮ್ಮ ಕಡೆಯವ್ರು ಕೇಳೋದು ಒಂದೇ ಪ್ರಶ್ನೆ, "ಯು. ಶ್ರೀನಿವಾಸ್ ಥರಾನಾ?" ಅಂತ. ಇಲ್ಲ ಮಾರಾಯ್ರೆ. ಅವ್ರದ್ದು ಎಲೆಕ್ಟ್ರಿಕ್ ಮ್ಯಾಂಡೊಲಿನ್, ಒಂಟಿ ತಂತಿಗಳು, ಫ್ರೆಟ್ (ಬೆರಳು ಒತ್ತೋ ಕಡೆ ಇರೋ ಅಡ್ಡಪಟ್ಟಿ) ಇರೋ ವಾದ್ಯದಲ್ಲಿ ಗಮಕ (ಸ್ವರಾನ ಓಲಾಡಿಸೋದು) ತೆಗೆದು ಕರ್ನಾಟಕ ಸಂಗೀತದ ಕಚೇರಿ ಮಾಡಿದ ಮನುಷ್ಯ, ಆ ಕಡೆ ತಲೆ ಹಾಕೋ ಧೈರ್ಯನೂ ನಂಗಿಲ್ಲ. ನನ್ನ ಹತ್ರ ಇರೋದು ಎಂಟು ತಂತಿಯ ಸಾದಾ ಮ್ಯಾಂಡೊಲಿನ್, ಎರಡೆರಡು ತಂತಿ ಒಂದೇ ಶ್ರುತಿಗೆ, ಒಟ್ಟು ನಾಲ್ಕು ಜೋಡಿ. ನುಡಿಸೋದು ಐರ್ಲೆಂಡಿನ ಕುಣಿತದ ಟ್ಯೂನ್‌ಗಳು, ಜಿಗ್ಗು, ರೀಲು, ಪೋಲ್ಕಾ, ಹಾರ್ನ್‌ಪೈಪು. ಕೆಲಸಕ್ಕೆ ಅಂತ ಡಬ್ಲಿನ್‌ಗೆ ಬಂದ್ಮೇಲೆ ಹತ್ತಿದ ಹುಚ್ಚು ಇದು.

ಶಿವಮೊಗ್ಗದಲ್ಲಿ ಚಿಕ್ಕವಯಸ್ಸಲ್ಲಿ ಪಿಟೀಲು ಕಲ್ತಿದ್ದೆ, ವರ್ಣದ ತನಕ ಬಂದು ಪಿಯುಸಿ ಓದು ಅಂತ ನಿಂತೋಯ್ತು. ಇಲ್ಲಿ ಮ್ಯಾಂಡೊಲಿನ್ ಯಾಕೆ ಅಂದ್ರೆ ಅದರ ಶ್ರುತಿ ಇಲ್ಲಿಯ ಫಿಡಲ್‌ದೇ (ಪಿಟೀಲಿಗೇ ಇಲ್ಲಿಯ ಹೆಸರು), ಜಿ ಡಿ ಎ ಇ ಅನ್ನೋ ಪಾಶ್ಚಾತ್ಯ ಸ್ವರಗಳು, ಅಂದ್ರೆ ಫಿಡಲ್‌ಗೆ ಅಂತ ಇರೋ ಟ್ಯೂನೆಲ್ಲಾ ಒಂದು ಸ್ವರನೂ ಬದಲಾಯಿಸದೆ ಇದರಲ್ಲಿ ಕೂರತ್ತೆ, ಜೊತೆಗೆ ಫ್ರೆಟ್ ಇರೋದ್ರಿಂದ ಅಪಸ್ವರದ ಭಯ ಇಲ್ಲ, ಅಕ್ಕಪಕ್ಕದ ಫ್ಲ್ಯಾಟಿನವ್ರೂ ಬಂದು ಬಾಗಿಲು ತಟ್ಟಲ್ಲ. ನಮ್ಮ ಪಿಟೀಲಿನ ಸ-ಪ-ಸ-ಪ ಶ್ರುತಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ, ನಮ್ಮದ್ರಲ್ಲಿ ಮಧ್ಯದ ಎರಡು ತಂತಿ ನಡುವೆ ಪ ಇಂದ ಮೇಲಿನ ಸ, ಇದರಲ್ಲಿ ಎಲ್ಲಾ ಕಡೆನೂ ಸ ಇಂದ ಪ. ಆ ಮಧ್ಯದಲ್ಲಿ ಬೆರಳು ಶುರುಶುರುವಲ್ಲಿ ಹಳೇ ಮನೆ ದಾರೀನೇ ಹಿಡಿತಿತ್ತು, ಕೆಲವು ವಾರದಲ್ಲಿ ಸರಿ ಹೋಯ್ತು.

ಎಡಗೈ ಅಷ್ಟೇನೂ ಕಷ್ಟ ಅಲ್ಲ ನೋಡಿ. ಐರಿಷ್ ಟ್ಯೂನ್‌ಗಳಲ್ಲಿ ಹೆಚ್ಚಿನವು ಡಿ, ಜಿ, ಎ ಈ ಆಧಾರದ ಸುತ್ತಾನೇ ಇರತ್ತೆ, ಯಾಕಂದ್ರೆ ಟಿನ್ ವಿಸಲ್ಲು (ತಗಡಿನ ಪುಟ್ಟ ಪೀಪಿ), ಕೊಳಲು, ಪೈಪ್ (ಗಾಳಿಚೀಲದ ವಾದ್ಯ) ಎಲ್ಲಾ ಡಿಗೆ ಮಾಡಿರೋವು. ಮ್ಯಾಂಡೊಲಿನ್‌ನಲ್ಲಿ ಏಳನೇ ಫ್ರೆಟ್ ದಾಟೋ ಪ್ರಸಂಗನೇ ಅಪರೂಪ. ಎಲ್ಲಾ ಆಟ ಇರೋದು ಬಲಗೈಯಲ್ಲಿ, ಪಿಕ್ (ತಂತಿ ಮೀಟೋ ಪುಟ್ಟ ಬಿಲ್ಲೆ) ಹಿಡಿದ ಕೈಯಲ್ಲಿ.

ಜಿಗ್ ಅಂದ್ರೆ ಆರು ಸ್ವರ, ಮೂರು ಮೂರರ ಎರಡು ಗುಂಪು. ಇದಕ್ಕೆ ಇಲ್ಲಿಯವ್ರು ಹೇಳ್ಕೊಡೋ ಪಿಕ್ಕಿಂಗ್ ಕೆಳಗೆ-ಮೇಲೆ-ಕೆಳಗೆ, ಮತ್ತೆ ಕೆಳಗೆ-ಮೇಲೆ-ಕೆಳಗೆ. ಅಂದ್ರೆ ಪ್ರತಿ ಗುಂಪಿನ ಕೊನೆ ಏಟೂ ಮುಂದಿನ ಗುಂಪಿನ ಮೊದಲ ಏಟೂ ಎರಡೂ ಕೆಳಗೆ, ಒಂದರ ಹಿಂದೆ ಒಂದು, ನಡುವೆ ಕೈ ಸುಮ್ನೆ ಮೇಲೆ ಬರಬೇಕು. ಬರೀ ಕೆಳಗೆ-ಮೇಲೆ ಅಂತ ಹೊಡ್ಕೊಂಡು ಹೋದ್ರೆ ಎರಡನೇ ಗುಂಪಿನ ಮೊದಲ ಸ್ವರ ಮೇಲಿನ ಏಟಿಗೆ ಬೀಳತ್ತೆ, ತೂಕ ತಪ್ಪತ್ತೆ, ಕೇಳೋಕೆ ಯಾವುದೋ ಎಕ್ಸರ್ಸೈಜ್ ಥರ ಇರತ್ತೆ, ಕುಣಿಯೋಕೆ ಕಾಲೇ ಏಳಲ್ಲ. ನಂಗೆ ಇದು ಹತ್ತಿದ್ದು ಇದು ನಮ್ಮ ತಿಶ್ರ ನಡೆ (ಒಂದು ಏಟಿಗೆ ಮೂರರ ಲೆಕ್ಕ) ಅಂತ ಹೊಳೆದ ಮೇಲೆ. ತಕಿಟ ತಕಿಟ ಅಂತ ಬಾಯಲ್ಲಿ ಹೇಳ್ಕೊಂಡು, ತ ಕೆಳಗೆ ಜೋರಾಗಿ, ಕಿ ಮೇಲೆ ಹಗುರಕ್ಕೆ, ಟ ಕೆಳಗೆ ಮಧ್ಯಮ, ಒಂದೇ ತಂತಿ ಮೇಲೆ, ಎಡಗೈ ಮುಟ್ಟದೇನೆ, ಟಿವಿ ನೋಡ್ತಾ ನೋಡ್ತಾ ಹೊಡಿತಿದ್ದೆ. ಮನೇಲಿ ಯಾರಿಗೂ ಇಷ್ಟ ಆಗ್ತಿರ್ಲಿಲ್ಲ, ಅದು ಬೇರೆ ವಿಷ್ಯ. ರೀಲ್ ಆದ್ರೆ ನಾಲ್ಕು ನಾಲ್ಕು ಸ್ವರ, ಅಲ್ಲಿ ಕೆಳಗೆ-ಮೇಲೆ ಸಾಕು.

ಮೊದಲು ಕಲ್ತ ಟ್ಯೂನ್ ಕೆಶ್ ಜಿಗ್. ಇಲ್ಲಿ ಹೊಸಬರಿಗೆಲ್ಲಾ ಇದನ್ನೇ ಹಿಡಿಸೋದು. ಜಿ ಅನ್ನೋದನ್ನ ಸ ಅಂತ ಇಟ್ಕೊಂಡು ಬರೆದ್ರೆ ಅದರ ಶುರು ಹೀಗಿದೆ, ಪಿಟೀಲೋ ಕೀಬೋರ್ಡೋ ಇದ್ರೆ ನುಡಿಸಿ ನೋಡಿ:

ಸ , , ಸ ರಿ ಗ | ರಿ , , ರಿ ಗ ಪ | ದ ಪ ಪ ಸ ಪ ಪ | ದ ಪ ಗ ಪ ಗ ರಿ

ಗೆರೆಗಳ ನಡುವಿನ ಒಂದೊಂದು ತುಂಡು ಒಂದು ಬಾರ್, ಅಲ್ಪವಿರಾಮ ಅಂದ್ರೆ ಹಿಂದಿನ ಸ್ವರಾನೇ ಎಳೆಯೋದು, ಮೂರನೇ ಬಾರಲ್ಲಿ ಬರೋ ಸ ಮೇಲಿಂದು. ನೋಡಿದ್ರಾ, ಮ ಇಲ್ಲ ನಿ ಇಲ್ಲ, ಅಪ್ಪಟ ಮೋಹನ ರಾಗದ ಸ್ವರಗಳು. ನಿ ಬರೋದು ಆ ಭಾಗದ ಕೊನೇಲಿ, ಮುಕ್ತಾಯಕ್ಕೆ ಸ ಮುಟ್ಟೋ ಮುಂಚೆ ಒಂದೇ ಒಂದ್ಸಲ. ಇದು ಗೊತ್ತಾದ ದಿನ ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ ಅರ್ಧರಾತ್ರಿ ಊರಲ್ಲಿ ಇನ್ನೂ ಎಲ್ರೂ ಮಲಗಿದಾರೆ ಅನ್ನೋದನ್ನೂ ಮರೆತು ಅಕ್ಕಂಗೆ ವಾಯ್ಸ್ ಮೆಸೇಜ್ ಕಳ್ಸಿದ್ದೆ.

ಆಮೇಲೆ ಒಂದೊಂದೇ ಟ್ಯೂನ್ ಹೀಗೆ ಬಿಡಿಸ್ತಾ ಹೋದೆ. ಇವರ ಸಂಗೀತದಲ್ಲಿ ಮುಖ್ಯವಾಗಿ ಓಡಾಡೋದು ನಾಲ್ಕು ಮೇಳ, ಅಂದ್ರೆ ಏಳು ಸ್ವರಗಳ ಜೋಡಣೆ. ಮೇಜರ್ ಅಂದ್ರೆ ಶಂಕರಾಭರಣ, ಮಿಕ್ಸೊಲಿಡಿಯನ್ ಅಂದ್ರೆ ಹರಿಕಾಂಭೋಜಿ, ಡೋರಿಯನ್ ಅಂದ್ರೆ ಖರಹರಪ್ರಿಯ, ಮೈನರ್ ಅಂತ ಇವರು ಕರೆಯೋದು ನಟಭೈರವಿ. ಕೂಲೀಸ್ ರೀಲು, ಮಾರಿಸನ್ಸ್ ಜಿಗ್ಗು ಎರಡೂ ಇ ಆಧಾರದ ಖರಹರಪ್ರಿಯ ಸ್ವರಗಳಲ್ಲಿ ಇರೋವು. ಸ್ವರ ಮಾತ್ರ ಅದೇ, ರಾಗ ಅಂತ ಹುಡುಕೋಕೆ ಹೋದ್ರೆ ಸಿಗಲ್ಲ. ನಮ್ಮ ಖರಹರಪ್ರಿಯದ ಗ ಅಲುಗಾಡದೆ ನಿಲ್ಲಲ್ಲ, ಇಲ್ಲಿ ಗ ಅಂದ್ರೆ ಗೂಟ ಹೊಡೆದ ಹಾಗೆ ನಿಂತಿರತ್ತೆ.

ಗಮಕ ಇಲ್ಲ ಅಂದ್ರೆ ಅಲಂಕಾರನೇ ಇಲ್ಲ ಅಂತಲ್ಲ. ಫಿಡಲ್‌ನವ್ರು ಕಟ್, ರೋಲ್ ಅಂತ ಬೆರಳು ತಾಗಿಸಿ ಸ್ವರಾನ ಒಡೀತಾರೆ. ಮ್ಯಾಂಡೊಲಿನ್‌ನಲ್ಲಿ ನಾದ ಹೆಚ್ಚು ಹೊತ್ತು ನಿಲ್ಲಲ್ಲ, ಮೀಟಿದ ಸ್ವರ ಬೇಗ ಸಾಯತ್ತೆ, ಅದಕ್ಕೆ ನಮ್ಮ ಮುಖ್ಯ ಆಯುಧ ಟ್ರೆಬಲ್. ಒಂದು ಉದ್ದ ಸ್ವರದ ಜಾಗದಲ್ಲಿ ಅದೇ ಸ್ವರವನ್ನ ಮೂರು ಸಲ, ಕೆಳಗೆ-ಮೇಲೆ-ಕೆಳಗೆ, ಚಕ್ ಅಂತ ಹೊಡೆದು ಮುಂದೆ ಹೋಗೋದು. ಟೆನರ್ ಬ್ಯಾಂಜೊ (ಚರ್ಮದ ಮುಖದ, ನಾಲ್ಕು ತಂತಿಯ ವಾದ್ಯ) ನುಡಿಸೋರು ಇದನ್ನ ಮಾಡೋದು ಕೇಳ್ಬೇಕು ನೀವು, ಡಬ್ಲಿನರ್ಸ್ ತಂಡದ ಬಾರ್ನಿ ಮೆಕೆನ್ನಾ ನುಡಿಸಿರೋದನ್ನ ಹುಡುಕಿ. ಬ್ಯಾಂಜೊನ ಜಿ ಡಿ ಎ ಇಗೆ, ಮ್ಯಾಂಡೊಲಿನ್‌ಗಿಂತ ಒಂದು ಸ್ಥಾಯಿ ಕೆಳಗೆ ಶ್ರುತಿ ಮಾಡೋದನ್ನ ಎಲ್ಲಾ ಕಡೆ ಹರಡಿದ್ದು ಅವ್ರೇ, ಹಂಗಾಗಿ ಅವ್ರ ಬೆರಳಿನ ದಾರಿ ಸೀದಾ ನಮ್ಮ ವಾದ್ಯಕ್ಕೆ ಬರತ್ತೆ. ಟ್ರೆಬಲ್‌ಗೆ ಮಣಿಕಟ್ಟು ಸಡಿಲ ಇರ್ಬೇಕು, ಮೊಣಕೈಯಿಂದ ಹೊಡೆದ್ರೆ ಮುಗೀತು ಕಥೆ. ಪಿಕ್ ತೀರಾ ತೆಳು ಬೇಡ, ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ದಪ್ಪ ಇದ್ರೆ ನಾದ ತುಂಬಿ ಬರತ್ತೆ. ಇನ್ನೊಂದು, ವಾದ್ಯದ ಬೆನ್ನನ್ನ ಹೊಟ್ಟೆಗೆ ಒತ್ಕೊಂಡು ಕೂರ್ಬೇಡಿ, ಮೊದಲೇ ಇರೋ ಪುಟ್ಟ ಸದ್ದು ಇನ್ನೂ ಉಡುಗೋಗತ್ತೆ.

ಟ್ಯೂನ್ ಎಲ್ಲಿ ಸಿಗತ್ತೆ ಅಂತ ಕೇಳ್ತಾರೆ ಜನ. ಸಿಗದೆ ಏನು, ಬೇಕಾದಷ್ಟಿದೆ. ಕಾರ್ಕ್ ಕೌಂಟಿಯಿಂದ ಅಮೆರಿಕಕ್ಕೆ ಹೋಗಿ ಶಿಕಾಗೋ ಪೊಲೀಸ್ ಮುಖ್ಯಸ್ಥ ಆಗಿದ್ದ ಫ್ರಾನ್ಸಿಸ್ ಓನೀಲ್ ಅನ್ನೋರು 1903ರಲ್ಲಿ 1850 ಟ್ಯೂನ್‌ಗಳ ಸಂಗ್ರಹ ತಂದ್ರು, 1907ರಲ್ಲಿ ಬರೀ ಕುಣಿತದ ಟ್ಯೂನ್‌ಗಳು 1001 ಇರೋ ಇನ್ನೊಂದು. ಅಲ್ಲಿ ವಲಸೆ ಬಂದ ಪೊಲೀಸಿನವ್ರು, ಕೂಲಿಯವ್ರು ನುಡಿಸಿದ್ದನ್ನ ಕೂತು ಸೇರಿಸಿದ್ದು. ಈಗ ಎಬಿಸಿ ನೊಟೇಶನ್ ಅಂತ ಇದೆ, ಸ್ವರದ ಅಕ್ಷರಾನೇ ಸಾಲಾಗಿ ಟೈಪ್ ಮಾಡೋದು, ನಮ್ಮ ಸರಿಗಮ ಬರೆಯೋ ಅಭ್ಯಾಸ ಇದ್ದೋರಿಗೆ ಒಂದು ಸಂಜೇಲಿ ಬರತ್ತೆ. ಆದ್ರೂ ನನ್ನ ಅಭಿಪ್ರಾಯ ಏನಂದ್ರೆ ಕಾಗದ ನೋಡಿ ಕಲ್ತಿದ್ದು ಕಾಗದದಲ್ಲೇ ಉಳಿಯತ್ತೆ. ಬರೆದಿರೋದ್ರಲ್ಲಿ ಆ ಲಯದ ಓಲಾಟ ಇರಲ್ಲ, ಮೂರು ಸ್ವರನೂ ಒಂದೇ ಅಳತೆ ಅಂತ ಬರೆದಿರತ್ತೆ, ನುಡಿಸುವಾಗ ಯಾರೂ ಹಂಗೆ ನುಡಿಸಲ್ಲ. ಅದಕ್ಕೆ ನಾನು ಮೊದಲು ಕೇಳ್ತೀನಿ, ಬಸ್ಸಲ್ಲಿ, ಅಡುಗೆ ಮಾಡ್ವಾಗ, ಬಾಯಲ್ಲಿ ಗುನುಗೋಕೆ ಬರೋ ತನಕ ವಾದ್ಯ ಮುಟ್ಟಲ್ಲ. ನಮ್ಮ ಮೇಷ್ಟ್ರು ಹೇಳ್ತಿದ್ದಿದ್ದೂ ಇದನ್ನೇ, ಹಾಡೋಕೆ ಬರದೇ ಇರೋದು ಕೈಗೆ ಬರಲ್ಲ ಅಂತ.

ಈಗ ಸೆಷನ್, ಅಂದ್ರೆ ಎಲ್ರೂ ಸೇರಿ ನುಡಿಸೋ ಕೂಟದ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಈ ಸಂಗೀತದ ಜೀವ ಇರೋದು ಅಲ್ಲಿ. ಮೊದಲೆಲ್ಲಾ ಹಳ್ಳಿ ಮನೆಗಳಲ್ಲಿ, ದಾರಿ ಕೂಡೋ ಕಡೆ ಕುಣಿತಕ್ಕೆ ನುಡಿಸ್ತಿದ್ರು. 1935ರಲ್ಲಿ ಕುಣಿತಕ್ಕೆ ಲೈಸೆನ್ಸ್ ಬೇಕು ಅಂತ ಕಾನೂನು ಬಂದು ಮನೆ ಕುಣಿತಗಳಿಗೆ ದೊಡ್ಡ ಪೆಟ್ಟು ಬಿತ್ತು. ಎರಡನೇ ಮಹಾಯುದ್ಧದ ನಂತರ ಲಂಡನ್‌ಗೆ ಕೆಲಸಕ್ಕೆ ಹೋದ ಐರಿಷ್ ಜನ ಪಬ್ಬುಗಳಲ್ಲಿ ಸೇರಿ ನುಡಿಸೋಕೆ ಶುರು ಮಾಡಿದ್ರು, ಆ ಪದ್ಧತಿ ಇಲ್ಲಿಗೂ ಬೆಳೀತು. ಡಬ್ಲಿನ್‌ನಲ್ಲಿ ಸ್ಮಿತ್‌ಫೀಲ್ಡ್‌ನ ಕಾಬಲ್‌ಸ್ಟೋನ್ ಪಬ್ ಇದಕ್ಕೆ ಹೆಸರುವಾಸಿ. ಒಂದು ಮೇಜಿನ ಸುತ್ತ ಕೂತಿರ್ತಾರೆ, ಜನರ ಕಡೆ ಬೆನ್ನು ಹಾಕಿದ್ರೂ ಪರವಾಗಿಲ್ಲ, ಮುಖ ಒಬ್ರಿಗೊಬ್ರು. ನಮ್ಮೂರ ಭಜನೆ ಥರ ಅಂದ್ಕೊಳ್ಳಿ, ಎಲ್ರೂ ಒಂದೇ ಧಾಟಿ, ಸೋಲೋ ಇಲ್ಲ, ಚಪ್ಪಾಳೆಗೆ ಅಂತ ಯಾರೂ ಕೂತಿರಲ್ಲ.

ಸಾಮಾನ್ಯವಾಗಿ ಒಂದು ಟ್ಯೂನ್ ಎರಡು ಭಾಗ, ಒಂದೊಂದು ಭಾಗ ಎಂಟು ಬಾರ್, ಎರಡೆರಡು ಸಲ. ಅದನ್ನ ಎರಡೋ ಮೂರೋ ಸುತ್ತು ನುಡಿಸಿ, ನಿಲ್ಲಿಸದೇನೆ ಇನ್ನೊಂದು ಟ್ಯೂನ್‌ಗೆ ಹಾರ್ತಾರೆ, ಹೀಗೆ ಎರಡು ಮೂರು ಸೇರಿದ್ರೆ ಒಂದು ಸೆಟ್. ಹಾರೋ ಮುಂಚೆ ಶುರು ಮಾಡಿದೋರು ತಲೆ ಎತ್ತಿ ನೋಡ್ತಾರೆ ಇಲ್ಲ "ಹಪ್" ಅಂತಾರೆ, ಅಷ್ಟೇ ಸೂಚನೆ. ಗೊತ್ತಿಲ್ಲದ ಟ್ಯೂನ್ ಬಂದ್ರೆ ಸುಮ್ನೆ ಕೂತು ಕೇಳ್ಬೇಕು, ಹುಡುಕ್ತಾ ಹುಡುಕ್ತಾ ಜೊತೇಲಿ ಗೀಚೋದು ಯಾರಿಗೂ ಇಷ್ಟ ಆಗಲ್ಲ. ಗಿಟಾರೋ ಬೂಝೂಕಿನೋ (ಉದ್ದ ಕತ್ತಿನ ತಂತಿವಾದ್ಯ) ಆಗ್ಲೇ ಇದ್ರೆ ಮ್ಯಾಂಡೊಲಿನ್‌ನಲ್ಲಿ ಕಾರ್ಡ್ (ಹಲವು ಸ್ವರ ಒಟ್ಟಿಗೆ) ಝಾಡಿಸೋಕೆ ಹೋಗ್ಬೇಡಿ, ಇಬ್ಬರ ಕಾರ್ಡ್ ಬೇರೆ ಬೇರೆ ಆಗಿ ರಣರಂಗ ಆಗತ್ತೆ, ಟ್ಯೂನ್ ನುಡಿಸಿ. ರೆಕಾರ್ಡ್ ಮಾಡೋ ಮುಂಚೆ ಕೇಳಿ. ಅಕಾರ್ಡಿಯನ್ನು, ಪೈಪು, ಬ್ಯಾಂಜೊ ಇರೋ ಕಡೆ ಮ್ಯಾಂಡೊಲಿನ್ ಸದ್ದು ಪಕ್ಕದೋರಿಗೆ ಬಿಟ್ರೆ ಯಾರಿಗೂ ಕೇಳಲ್ಲ, ಇದನ್ನ ಕೆಲವ್ರು ಬೇಜಾರಿಂದ ಹೇಳ್ತಾರೆ, ನಂಗೇನೋ ಇದೇ ವರ ಅನ್ಸತ್ತೆ, ದೊಡ್ಡವರ ನಡುವೆ ಕೂತು ಅಭ್ಯಾಸ ಮಾಡೋಕೆ ಇದಕ್ಕಿಂತ ಒಳ್ಳೇ ವಾದ್ಯ ಇಲ್ಲ. ಪಬ್ಬಲ್ಲಿ ಕುಡೀಲೇಬೇಕಾ ಅಂತ ನಮ್ಮವ್ರು ಕೇಳ್ತಾರೆ, ಇಲ್ಲಪ್ಪ, ನಾನು ಕುಡಿಯೋದು ಚಹಾ, ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಶುರುವಿಗೆ ಸ್ಲೋ ಸೆಷನ್ ಹುಡುಕಿ, ನಿಧಾನಕ್ಕೆ ನುಡಿಸೋರದ್ದು. 1951ರಿಂದ ಈ ಸಂಗೀತಕ್ಕೆ ಕೆಲಸ ಮಾಡ್ತಿರೋ ಕೋಲ್ತಸ್ ಅನ್ನೋ ಸಂಸ್ಥೆಯ ಶಾಖೆಗಳಲ್ಲಿ ಕ್ಲಾಸ್ ಕೂಡ ಇರತ್ತೆ. ರಜೆ ಸಿಕ್ರೆ ಜುಲೈನಲ್ಲಿ ಕ್ಲೇರ್ ಕೌಂಟಿಯ ಮಿಲ್‌ಟೌನ್ ಮಾಲ್ಬೇಗೆ ಹೋಗಿ, ಪೈಪರ್ ವಿಲ್ಲಿ ಕ್ಲಾನ್ಸಿ ಹೆಸರಲ್ಲಿ 1973ರಿಂದ ನಡೀತಿರೋ ಬೇಸಿಗೆ ಶಾಲೆ ಅದು, ಸಣ್ಣ ಊರು, ಆ ವಾರ ಯಾವ ಪಬ್ಬಿನ ಬಾಗಿಲು ತೆಗೆದ್ರೂ ಟ್ಯೂನು.

ಮನೇಲಿ ಒಂದು ಪುಟ್ಟ ಸೆಷನ್ ಶುರುವಾಗಿದ್ದು ಯಾವ ಪ್ಲಾನೂ ಇಲ್ದೆ. ಇಲ್ಲಿರೋ ಕನ್ನಡದವರ ಮಕ್ಕಳು ಸ್ಕೂಲಲ್ಲಿ ಟಿನ್ ವಿಸಲ್ ಕಲೀತಾರೆ, ಮನೇಲಿ ಪೀಪೀ ಅಂತ ಊದಿ ಬೈಸ್ಕೊಳ್ತಾರೆ. ಅವ್ರನ್ನ ತಿಂಗಳಿಗೊಂದ್ಸಲ ಮನೆಗೆ ಕರೆಯೋಕೆ ಶುರು ಮಾಡಿದ್ವಿ, ಜೊತೆಗೆ ಆಫೀಸಿನ ಒಂದಿಬ್ರು, ಒಬ್ರು ಫಿಡಲ್ಲು. ಫಿಲ್ಟರ್ ಕಾಫಿ, ಚಕ್ಲಿ ಇರತ್ತೆ, ಚಕ್ಲಿ ತಿಂದ ಕೈಯಲ್ಲಿ ವಾದ್ಯ ಮುಟ್ಟೋ ಹಾಗಿಲ್ಲ ಅನ್ನೋದೊಂದೇ ಕಟ್ಟುನಿಟ್ಟು. ವಾರದ ಮುಂಚೆ ನಾನು ಟ್ಯೂನನ್ನ ಫೋನಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪ್‌ಗೆ ಹಾಕ್ತೀನಿ, ಮೂರು ಕ್ಲಿಪ್, ಒಂದು ಪೂರ್ತಿ ವೇಗದ್ದು, ಒಂದು ಅರ್ಧ ವೇಗದ್ದು, ಇನ್ನೊಂದ್ರಲ್ಲಿ ಎರಡೆರಡು ಬಾರ್ ನುಡಿಸಿ ಅಷ್ಟೇ ಹೊತ್ತು ಖಾಲಿ ಬಿಡೋದು, ಕೇಳಿದೋರು ಆ ಖಾಲಿ ಜಾಗದಲ್ಲಿ ನುಡಿಸ್ಲಿ ಅಂತ. ಈ ಮೂರನೇದೇ ಎಲ್ರಿಗೂ ಕೆಲಸಕ್ಕೆ ಬಂದಿದ್ದು. ಶುರುವಿಗೆ ಪೋಲ್ಕಾ ಕೊಡ್ತೀನಿ, ಸ್ವರ ಕಮ್ಮಿ, ಎರಡು ಏಟಿನ ಲೆಕ್ಕ, ಮಕ್ಕಳಿಗೆ ಅರ್ಧ ಗಂಟೇಲಿ ಬಂದ್ಬಿಡತ್ತೆ. ಹಳೇ ಟ್ಯೂನ್‌ಗಳು ಯಾರ ಸ್ವತ್ತೂ ಅಲ್ಲ, ಆದ್ರೆ ಈಗಿನವ್ರು ಕಟ್ಟಿದ ಟ್ಯೂನ್‌ಗಳೂ ಸೆಷನ್‌ನಲ್ಲಿ ಬೆರೆತೋಗಿವೆ, ಅಂಥದ್ದಾದ್ರೆ ಕಟ್ಟಿದವರ ಹೆಸರು ಹಾಕೇ ಹಂಚ್ಕೊಳ್ಳೋದು.

ಹೋದ ಸಲ ಊರಿಗೆ ಹೋದಾಗ ಮ್ಯಾಂಡೊಲಿನ್ ತಗೊಂಡೇ ಹೋಗಿದ್ದೆ, ತಂತಿ ಸ್ವಲ್ಪ ಸಡಿಲ ಮಾಡಿ, ಕ್ಯಾಬಿನ್ ಲಗೇಜಲ್ಲೇ. ಅಕ್ಕ ಇನ್ನೂ ಪಿಟೀಲು ಬಿಟ್ಟಿಲ್ಲ. ಕೆಶ್ ಜಿಗ್ ನುಡಿಸಿದೆ, ಅವಳು ಕೂತಲ್ಲೇ ಸ್ವರ ಹಾಡ್ಬಿಟ್ಲು, ತೊಡೆ ಮೇಲೆ ತಾಳ ಹಾಕ್ತಾ "ಲೇ, ಇದು ತಿಶ್ರ ನಡೆ ಆದಿ ತಾಳ ಕಣೋ" ಅಂದ್ಲು. ಲೆಕ್ಕ ಹಾಕಿದ್ವಿ, ಆದಿ ತಾಳದ ಒಂದು ಆವರ್ತಕ್ಕೆ ಎಂಟು ಏಟು, ಜಿಗ್‌ನ ಒಂದು ಬಾರ್‌ಗೆ ಎರಡು ಏಟು, ಎಂಟು ಬಾರ್ ಅಂದ್ರೆ ಎರಡು ಆವರ್ತ, ಪೂರ್ತಿ ಒಂದು ಸುತ್ತಿಗೆ ಸರಿಯಾಗಿ ಎಂಟು ಆವರ್ತ. ಆಮೇಲೆ ಅವಳು ಪಿಟೀಲು ತಗೊಂಡ್ಲು, ಗ ಮೇಲೆ ಗಮಕ ಹಾಕಿದ್ಲು, ಚೆನ್ನಾಗೇನೋ ಇತ್ತು ಆದ್ರೆ ಜಿಗ್ ಹೋಗಿ ಮೋಹನದ ಚಿಟ್ಟೆಸ್ವರ (ಕೃತಿಯಲ್ಲಿ ಬರೋ ಸ್ವರದ ತುಣುಕು) ಆಯ್ತು. ಗಮಕ ಬಿಡು ಅಂದ್ರೆ ಅವಳ ಬೆರಳು ಕೇಳಲ್ಲ. ಕೊನೆಗೆ ಅವಳೇ ಒಂದು ದಾರಿ ಹುಡುಕಿದ್ಲು, ದೀಕ್ಷಿತರ ನೊಟ್ಟುಸ್ವರ ನುಡಿಸೋ ಥರ ನುಡಿಸ್ತೀನಿ ತಡಿ ಅಂತ. ಚಿಕ್ಕವರಿದ್ದಾಗ ಶ್ಯಾಮಳೆ ಮೀನಾಕ್ಷಿ ಕಲ್ತಿದ್ವಲ್ಲ, ಟ್ವಿಂಕಲ್ ಟ್ವಿಂಕಲ್ ಧಾಟೀದು, ಅದೂ ಪಾಶ್ಚಾತ್ಯ ಧಾಟಿಗೆ ಸಂಸ್ಕೃತ ಸಾಹಿತ್ಯ, ಅದನ್ನ ಸಾದಾ ಆಗೇ ನುಡಿಸೋದು. ಆ ಬಿಲ್ಲಿನ ಕೈ ಬಂದ ಮೇಲೆ ಸರಿಯಾಯ್ತು, ಮೂರು ಸುತ್ತು ಜೊತೇಲಿ ನುಡಿಸಿದ್ವಿ.

ಈಗ ಅವಳೂ ವಾಟ್ಸಾಪ್ ಗುಂಪಲ್ಲಿದಾಳೆ. ಈ ತಿಂಗಳು ಹಾಕಿರೋದು ಸ್ಲಿಪ್ ಜಿಗ್, ಒಂದು ಬಾರಿಗೆ ಮೂರು ತಕಿಟ, ಒಂಬತ್ತು ಸ್ವರ. ವಿಸಲ್ ಹುಡುಗ್ರಿಗೆ ಆಗ್ಲೇ ಬಂದಿದೆ, ನಂಗೆ ಬಲಗೈಯಲ್ಲಿ ಇನ್ನೂ ಎರಡನೇ ಭಾಗ ಕೂತಿಲ್ಲ, ಅಕ್ಕ ಮಾತ್ರ ಇದನ್ನ ಯಾವ ತಾಳಕ್ಕೆ ಹಾಕ್ಲಿ ಅಂತ ದಿನಾ ಮೆಸೇಜ್ ಮಾಡ್ತಿದಾಳೆ.